ಟಿಕೆಟ್ ಕೈಗೆ ಬಂತೆಂದು ವಿಮಾನ ಹತ್ತಬೇಡಿ

ಯುಎಇಯಲ್ಲಿ ಕೆಲಸ ಹೋಗಿ ಊರಿಗೆ ಹೊರಟಿರುವವರು ದಯವಿಟ್ಟು ಇದನ್ನು ಓದಿ. ಅಲ್ಲಿಯ ನಿರುದ್ಯೋಗ ವಿಮೆಯ ಹಣ ಊರಿಗೆ ಬಂದ ಮೇಲೆ ಸಿಗುವುದಿಲ್ಲ. ಇದು ಗೊತ್ತಿಲ್ಲದೆ ನಾನು ಸುಮಾರು 75 ಸಾವಿರ ರೂಪಾಯಿ ಕಳೆದುಕೊಂಡೆ. ಆಮೇಲೆ, ಅದನ್ನು ತೆಗೆಸಿಕೊಡುತ್ತೇನೆ ಎಂದವನಿಗೆ 6,500 ರೂಪಾಯಿ ಕೊಟ್ಟೆ. ಅದೂ ಹೋಯಿತು.

ನಾನು ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ಕಡೆಯವನು. ಶಾರ್ಜಾದ ಒಂದು ಗೋದಾಮಿನಲ್ಲಿ ಒಂಬತ್ತು ವರ್ಷ ಸ್ಟೋರ್ ಕೀಪರ್ ಆಗಿದ್ದೆ. ಕೆಲಸ ಕಡಿಮೆಯಾಯಿತೆಂದು ಕಂಪನಿ ನಮ್ಮಲ್ಲಿ ಕೆಲವರನ್ನು ತೆಗೆಯಿತು. ಬಾಕಿ ಲೆಕ್ಕ ಚುಕ್ತಾ ಮಾಡಿದರು, ಊರಿಗೆ ಟಿಕೆಟ್ ಕೊಟ್ಟರು. ಒಂದು ವಾರದೊಳಗೆ ರೂಮು ಬಿಡಬೇಕು ಎಂದರು. ಫೋನಿನಲ್ಲಿ ಅಮ್ಮ, "ಇನ್ನು ಅಲ್ಲಿ ಯಾಕೆ ಮಗಾ, ಬಂದುಬಿಡು" ಎಂದರು. ವೀಸಾ ಕ್ಯಾನ್ಸಲ್ ಆದ ಎಂಟನೇ ದಿನ ಮಂಗಳೂರಿನಲ್ಲಿ ಇಳಿದೆ.

ನನಗೆ ವಿಮೆ ಇತ್ತು. 2023ರ ಜನವರಿಯಿಂದ ಯುಎಇಯಲ್ಲಿ ಇದು ಕಡ್ಡಾಯ. ಮಾಡಿಸದಿದ್ದರೆ 400 ದಿರ್ಹಂ ದಂಡ ಎಂದು ಎಲ್ಲರೂ ಹೆದರಿ ಮಾಡಿಸಿದೆವು. ಮೂಲ ಸಂಬಳ 16,000 ದಿರ್ಹಂವರೆಗೆ ಇರುವವರಿಗೆ ತಿಂಗಳಿಗೆ 5 ದಿರ್ಹಂ, ಅದಕ್ಕಿಂತ ಜಾಸ್ತಿ ಇದ್ದರೆ 10. ಕಟ್ಟಿದ್ದೇನೋ ಸರಿ, ಆದರೆ ಕೆಲಸ ಹೋದಾಗ ಹಣ ಕೇಳುವುದು ಹೇಗೆ ಎಂದು ನಮ್ಮ ರೂಮಿನಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಕಂಪನಿಯವರೂ ಹೇಳಲಿಲ್ಲ. ದಂಡದ ವಿಷಯ ಮಾತ್ರ ಎಲ್ಲರ ಬಾಯಲ್ಲಿ ಇತ್ತು.

ನಿಯಮ ಹೀಗೆ. ಕನಿಷ್ಠ 12 ತಿಂಗಳು ಬಿಡದೆ ವಿಮೆ ಕಟ್ಟಿರಬೇಕು. ಕೆಲಸ ಹೋದ 30 ದಿನಗಳ ಒಳಗೆ ಅರ್ಜಿ ಹಾಕಬೇಕು. ಕೊನೆಯ ಆರು ತಿಂಗಳ ಮೂಲ ಸಂಬಳದ ಸರಾಸರಿಯ ಶೇ. 60ರಷ್ಟು, ಹೆಚ್ಚೆಂದರೆ ಮೂರು ತಿಂಗಳು ಸಿಗುತ್ತದೆ. ಹೊಸ ಕೆಲಸ ಸಿಕ್ಕಿದರೆ ಹಣ ನಿಲ್ಲುತ್ತದೆ. ದೇಶ ಬಿಟ್ಟರೂ ಹಕ್ಕು ಹೋಗುತ್ತದೆ. ನಾನು ಎಡವಿದ್ದು ಈ ಕೊನೆಯ ಮಾತಿನಲ್ಲಿ. ವೀಸಾ ರದ್ದಾದ ಮೇಲೂ ಅಲ್ಲಿ ಇರಲಿಕ್ಕೆ ಸ್ವಲ್ಪ ಕಾಲ ಅವಕಾಶ ಕೊಡುತ್ತಾರೆ, ಎಷ್ಟು ದಿನ ಎನ್ನುವುದು ವೀಸಾದ ಮೇಲೆ ಹೋಗುತ್ತದೆ. ಬೆಡ್ ಸ್ಪೇಸ್ (ಹಂಚಿಕೊಂಡ ರೂಮಿನಲ್ಲಿ ಒಂದು ಮಂಚದ ಬಾಡಿಗೆ ಜಾಗ) ಹಿಡಿದು ಅಷ್ಟು ದಿನ ಇದ್ದಿದ್ದರೆ ಸ್ವಲ್ಪವಾದರೂ ಸಿಗುತ್ತಿತ್ತು.

ಇನ್ನೊಂದು ಮಾತು. ನನ್ನ ರೂಮಿನಲ್ಲಿದ್ದ ಕುಂಬಳೆಯ ಹುಡುಗ ಊರಿಗೆ ಬರಲಿಲ್ಲ, ಅಲ್ಲೇ ಇದ್ದ, ದಿನ ಮೀರದೆ ಅರ್ಜಿಯೂ ಹಾಕಿದ್ದ. ಆದರೂ ಸಿಗಲಿಲ್ಲ. "ಇಲ್ಲಿ ಸೈನ್ ಮಾಡು, ಕ್ಯಾನ್ಸಲ್ ಬೇಗ ಆಗುತ್ತದೆ" ಎಂದು ಆಫೀಸಿನವರು ಮುಂದಿಟ್ಟ ಕಾಗದ ಅವನ ರಾಜೀನಾಮೆಯಾಗಿತ್ತು. ರಾಜೀನಾಮೆ ಕೊಟ್ಟವರಿಗೆ ಈ ಹಣ ಇಲ್ಲ. ಶಿಸ್ತಿನ ಕಾರಣಕ್ಕೆ ತೆಗೆದಿದ್ದರೂ ಇಲ್ಲ. ಕಾಗದ ಇಂಗ್ಲಿಷಿನಲ್ಲಿರಲಿ, ಅರಬಿಯಲ್ಲಿರಲಿ, ಓದಲಿಕ್ಕೆ ಬರುವ ಒಬ್ಬರಿಗೆ ತೋರಿಸದೆ ಸಹಿ ಹಾಕಬೇಡಿ. ಕೆಲಸ ಬಿಟ್ಟ ಕಾರಣ ಏನೆಂದು ಬರೆದಿದ್ದಾರೆ ಎಂದು ಕೇಳಿ. ಕೇಳಲಿಕ್ಕೆ ನಾಚಿಕೆ ಬೇಡ. ಅದು ನಿಮ್ಮ ಹಣ.

ಇನ್ನು ಊರಿನ ಕಥೆ. ಬಂದು ಎರಡು ವಾರ ಅಡಿಕೆ ಕೊಯಿಲು, ನೆಂಟರ ಮನೆ ಅಂತ ಹೋಯಿತು. ಆಮೇಲೆ ಪರಿಚಯದವರೊಬ್ಬರು, ಗಲ್ಫಿನ ವಿಮೆ ಹಣ ತೆಗೆಸಿಕೊಡುವ ಜನ ಒಬ್ಬರಿದ್ದಾರೆ ಎಂದರು. ಅವನು ನನ್ನ ಒಟ್ಟು ಸಂಬಳ ಕೇಳಿದ. 3,200 ಎಂದೆ. ಕ್ಯಾಲ್ಕ್ಯುಲೇಟರ್ ಒತ್ತಿ, "ಅಣ್ಣಾ, ಮೂರು ತಿಂಗಳಿಗೆ 5,760 ದಿರ್ಹಂ ಬರುತ್ತದೆ" ಎಂದ. ಲೆಕ್ಕವೇ ತಪ್ಪು. ರೂಮು, ಊಟ, ಓವರ್‌ಟೈಮ್ ಸೇರಿಸುವ ಹಾಗಿಲ್ಲ. ನನ್ನ ಮೂಲ ಸಂಬಳ 1,800. ಸರಿಯಾಗಿ ಅರ್ಜಿ ಹಾಕಿದ್ದರೂ ತಿಂಗಳಿಗೆ 1,080ರ ಹಾಗೆ 3,240 ದಿರ್ಹಂ ಮಾತ್ರ. ಅವತ್ತು ನನಗೆ ಇದು ತಿಳಿದಿರಲಿಲ್ಲ.

ಪಾಸ್‌ಪೋರ್ಟ್, ಎಮಿರೇಟ್ಸ್ ಐಡಿ ಎರಡರ ಫೋಟೋ ತೆಗೆದುಕೊಂಡ. ಫೋನಿಗೆ ಬಂದ ಒಟಿಪಿಯನ್ನೂ ಕೇಳಿದ, ಕೊಟ್ಟೆ. ಅದೊಂದನ್ನು ನೆನೆದರೆ ಈಗಲೂ ನಿದ್ದೆ ಬರುವುದಿಲ್ಲ. ವಾರ ಕಳೆದು ಅರ್ಜಿ ತಿರಸ್ಕಾರವಾದ ಮೆಸೇಜು ಬಂತು. ಕೇಳಿದರೆ, ಅಪೀಲು ಮಾಡಬೇಕು, ಇನ್ನೂ 4,000 ಆಗುತ್ತದೆ ಎಂದ. ಕೊಡಲಿಲ್ಲ. ಮೊದಲು ಕೊಟ್ಟ ದುಡ್ಡು ಕೇಳಿದಾಗ ಫೋನ್ ಎತ್ತುವುದು ನಿಲ್ಲಿಸಿದ.

ಹೋದ ತಿಂಗಳು ಅಂಥದೇ ಇನ್ನೊಂದು ಕೇಳಿದೆ. ಊರಿಗೆ ಬಂದ ಗಲ್ಫಿನವರಿಗೆ ಕೇರಳ ಸರಕಾರ ತಿಂಗಳು ತಿಂಗಳು ದುಡ್ಡು ಕೊಡುತ್ತದೆ, ಮಲಯಾಳಂ ಫಾರ್ಮು ನಾವು ತುಂಬಿಸುತ್ತೇವೆ ಎಂದು ಹೇಳಿ 500 ರೂಪಾಯಿ ತೆಗೆದುಕೊಳ್ಳುತ್ತಿದ್ದಾರಂತೆ. ಕನ್ನಡ ಶಾಲೆಯಲ್ಲಿ ಓದಿದ ನಮ್ಮಂಥವರಿಗೆ ಮಲಯಾಳಂ ಮಾತಾಡಲಿಕ್ಕೆ ಬರುತ್ತದೆ, ಸರಕಾರಿ ಫಾರ್ಮು ಓದುವುದು ಕಷ್ಟ. ಅದನ್ನೇ ಹಿಡಿದು ಮೋಸ ಮಾಡುತ್ತಾರೆ. ಹೊರದೇಶದಲ್ಲಿರುವ ಕೇರಳದವರಿಗಾಗಿ ಸರಕಾರ ನಡೆಸುವ ನೋರ್ಕಾದಲ್ಲಿ ಊರಿಗೆ ಮರಳಿದವರಿಗೆ ಎನ್‌ಡಿಪ್ರೇಮ್ ಎಂಬ ಯೋಜನೆ ಇದೆ, ಆದರೆ ಅದು ತಿಂಗಳ ಸಂಬಳ ಅಲ್ಲ. ಎರಡು ವರ್ಷವಾದರೂ ಹೊರದೇಶದಲ್ಲಿ ದುಡಿದು ಬಂದವರು ಸ್ವಂತ ಉದ್ಯೋಗ ಮಾಡಲಿಕ್ಕೆ ತೆಗೆಯುವ ಬ್ಯಾಂಕ್ ಸಾಲ ಅದು. 30 ಲಕ್ಷದವರೆಗಿನ ಯೋಜನೆಗೆ ಶೇ. 15, ಹೆಚ್ಚೆಂದರೆ 3 ಲಕ್ಷ ಸಬ್ಸಿಡಿ ಇದೆ. ಕೆಲಸ ಹೋದವರಿಗೆ ಇಎಸ್‌ಐ (ನಮ್ಮ ದೇಶದ ನೌಕರರ ವಿಮೆ) ಕಡೆಯಿಂದ ಮೂರು ತಿಂಗಳು ಅರ್ಧ ಸಂಬಳ ಸಿಗುತ್ತದೆ ಎಂದೂ ಕೆಲವರು ಹೇಳುತ್ತಾರೆ. ಅದು ಸುಳ್ಳಲ್ಲ, ಆದರೆ ಅದು ಇಲ್ಲಿ ಕೆಲಸ ಮಾಡಿ ಇಎಸ್‌ಐ ಕಟ್ಟಿದವರಿಗೆ. ನಮಗಲ್ಲ. ಯಾರಿಗಾದರೂ ದುಡ್ಡು ಕೊಡುವ ಮೊದಲು ನೋರ್ಕಾದ ಉಚಿತ ನಂಬರ್ 1800 425 3939ಕ್ಕೆ ಒಂದು ಫೋನ್ ಮಾಡಿ.

ಒಟಿಪಿ ಕೊಟ್ಟವರು ನಾಳೆ ನೋಡೋಣ ಎಂದು ಬಿಡಬೇಡಿ. ನಾನು ಪಾಸ್‌ವರ್ಡ್ ಎಲ್ಲ ಬದಲಿಸಿದೆ, ಬ್ಯಾಂಕಿಗೆ ತಿಳಿಸಿದೆ. ಖಾತೆಯಿಂದ ದುಡ್ಡು ಹೋಗಿದ್ದರೆ ಕೂಡಲೇ ಸೈಬರ್ ವಂಚನೆಯ ದೂರಿನ ನಂಬರ್ 1930ಕ್ಕೆ ಫೋನ್ ಮಾಡಿ.

ನಿಮ್ಮ ಮನೆಯವರಲ್ಲಿ ಯಾರಿಗಾದರೂ ಅಲ್ಲಿ ನೋಟಿಸ್ ಬಂದಿದ್ದರೆ ಇವತ್ತೇ ಫೋನ್ ಮಾಡಿ ಹೇಳಿ. ಮೊದಲು ಅರ್ಜಿ, ಹಣ ಕೈಗೆ ಬಂದ ಮೇಲೆ ಟಿಕೆಟ್. ನಮ್ಮ ಪೆರ್ಲ, ಬದಿಯಡ್ಕ ಕಡೆಯವರಿಗೆ ಕಾಗದ ಓದಲಿಕ್ಕೆ ಕಷ್ಟವಾದರೆ ನನ್ನನ್ನು ಕೇಳಿ. ದುಡ್ಡು ಏನೂ ಬೇಡ.