ಸ್ಪೋರ್ಟ್‌ಬೋಟ್ ಸಾಕಾ, ಕ್ಯಾಬಿನ್ ಕ್ರೂಸರ್ ಬೇಕಾ? ಸಿಯಾಟಲ್ ನೀರಿನಲ್ಲಿ ಎರಡನ್ನೂ ಓಡಿಸಿದ ಮೇಲೆ

ಸಿಯಾಟಲ್‌ನಲ್ಲಿ ಜುಲೈ, ಆಗಸ್ಟ್ ಬಂದರೆ ಮಳೆ ನಿಲ್ಲುತ್ತದೆ, ಸಂಜೆ ಉದ್ದವಾಗುತ್ತದೆ. ಊರಿನ ಪೂರ್ವಕ್ಕೆ ವಾಷಿಂಗ್ಟನ್ ಸರೋವರ, ಪಶ್ಚಿಮಕ್ಕೆ ಪ್ಯೂಜೆಟ್ ಸೌಂಡ್ ಎಂಬ ಸಮುದ್ರದ ಚಾಚು. ಇಷ್ಟು ನೀರಿನ ನಡುವೆ ಇದ್ದವರಿಗೆ ಒಂದಲ್ಲ ಒಂದು ದಿನ ಬೋಟಿನ ಹುಚ್ಚು ಹಿಡಿಯುತ್ತದೆ. ನನಗೂ ಹಿಡಿಯಿತು. ಕೊಳ್ಳುವ ಮೊದಲು ಒಂದು ಬೋಟ್ ಕ್ಲಬ್ ಸೇರಿದೆ. ತಿಂಗಳ ಚಂದಾ ಕಟ್ಟಿದರೆ ಅವರ ಬೋಟುಗಳನ್ನು ನಾವೇ ಓಡಿಸಬಹುದು. ತೆರೆದ, ಚುರುಕಾದ 20 ಅಡಿಯ ಸ್ಪೋರ್ಟ್‌ಬೋಟನ್ನೂ ಒಳಗೆ ಮಲಗಲು ಕೋಣೆಯಿರುವ 26 ಅಡಿಯ ಕ್ಯಾಬಿನ್ ಕ್ರೂಸರನ್ನೂ ಅದೇ ನೀರಿನಲ್ಲಿ, ಅದೇ ಮನೆಮಂದಿಯನ್ನು ಕೂರಿಸಿಕೊಂಡು ಓಡಿಸಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ. ಜನ ಕ್ರೂಸರಿನ ಹಾಸಿಗೆ ನೋಡಿ ಮರುಳಾಗುತ್ತಾರೆ. ನನ್ನ ಲೆಕ್ಕದಲ್ಲಿ ಅದರಲ್ಲಿ ಕೊಟ್ಟ ದುಡ್ಡಿಗೆ ತಕ್ಕ ವಸ್ತು ಟಾಯ್ಲೆಟ್ಟು.

ಓಡಿಸುವ ಖುಷಿಯಲ್ಲಿ ಸ್ಪೋರ್ಟ್‌ಬೋಟಿಗೆ ಸಾಟಿಯಿಲ್ಲ. ನಾನು ಓಡಿಸಿದ್ದು ಬೋರೈಡರ್, ಅಂದರೆ ಮೂತಿಯಲ್ಲೂ ಕೂರಲು ಸೀಟಿರುವ ಜಾತಿ. ಥ್ರಾಟಲ್ ಮುಂದೆ ತಳ್ಳಿದರೆ ಮೂತಿ ಒಮ್ಮೆ ಎದ್ದು, ಕೂಡಲೇ ಕೆಳಗಿಳಿದು, ನೀರಿನ ಮೇಲೆ ಜಾರತೊಡಗುತ್ತದೆ. ಇದಕ್ಕೆ ಪ್ಲೇನ್ ಆಗುವುದು ಅನ್ನುತ್ತಾರೆ. ಕ್ರೂಸರ್ ಸುಮಾರು ಎರಡು ಪಟ್ಟು ಭಾರ. ಡೀಸೆಂಟಾಗಿ ಪ್ಲೇನ್ ಆಗಬೇಕಾದರೆ ಎಂಜಿನ್ ಕಿರುಚಬೇಕು, ಮೂತಿ ತಗ್ಗಿಸುವ ಹಿಂದಿನ ಹಲಗೆ, ಅಂದರೆ ಟ್ರಿಮ್ ಟ್ಯಾಬ್, ಇಳಿಸಬೇಕು. ಅಷ್ಟು ಹೊತ್ತು ಮುಂದಿನದೇನೂ ಕಾಣುವುದಿಲ್ಲ, ಬರೀ ಆಕಾಶ. ಪೆಟ್ರೋಲೂ ಹಾಗೆಯೇ. ಹದವಾದ ವೇಗದಲ್ಲಿ ಸ್ಪೋರ್ಟ್‌ಬೋಟ್ ಗ್ಯಾಲನ್‌ಗೆ ನಾಲ್ಕು ಮೈಲಿ ಕೊಡುವ ಕಡೆ ಕ್ರೂಸರ್ ಎರಡು ಕೊಟ್ಟರೆ ಪುಣ್ಯ.

ಸರೋವರದಲ್ಲಿ ಹಾಗಾಗಿ ಲೆಕ್ಕ ಸುಲಭ. ಬೇಸಿಗೆಯಲ್ಲಿ ಅಲ್ಲಿ ಮೇಲಿನ ನೀರು 20 ಡಿಗ್ರಿ ದಾಟುತ್ತದೆ. ಮಕ್ಕಳಿಗೆ ಬೇಕಾದದ್ದು ಗಾಳಿ ತುಂಬಿದ ಟ್ಯೂಬಿನಲ್ಲಿ ಕೂತು ಬೋಟಿನಿಂದ ಎಳೆಸಿಕೊಳ್ಳುವುದು, ಸೂವರ್ಡ್ ಪಾರ್ಕಿನ ಪಕ್ಕದ ಆಂಡ್ರೂಸ್ ಕೊಲ್ಲಿಯಲ್ಲಿ ಲಂಗರು ಹಾಕಿ ನೀರಿಗೆ ಹಾರುವುದು. ಸ್ಪೋರ್ಟ್‌ಬೋಟಿನ ಹಿಂಭಾಗದ ಈಜು ಹಲಗೆ ನೀರಿಗೆ ಹತ್ತಿರವೇ ಇರುವುದರಿಂದ ಹತ್ತಿ ಇಳಿಯುವುದೂ ಆರಾಮ. ಟ್ಯೂಬ್ ಎಳೆಯುವಾಗ ಓಡಿಸುವವರ ಜೊತೆ ಹಿಂದೆ ನೋಡುತ್ತ ಕೂರಲು ಇನ್ನೊಬ್ಬರು ಇರಲೇಬೇಕು, ಅದು ವಾಷಿಂಗ್ಟನ್ ರಾಜ್ಯದ ಕಾನೂನು. ಆ ಕೆಲಸ ಅಪ್ಪ ವಹಿಸಿಕೊಂಡರು. ತಲಕಾಡಿನ ಹರಿಗೋಲು ಬಿಟ್ಟರೆ ನೀರಿನ ಮೇಲೆ ಹೋದವರೇ ಅಲ್ಲ ಅವರು. ಇನ್ನೊಂದು ತಮಾಷೆ ಕೇಳಿ. 15 ಅಶ್ವಶಕ್ತಿ ಅಥವಾ ಜಾಸ್ತಿಯ ಬೋಟ್ ಓಡಿಸಲು ಇಲ್ಲಿ ಪರೀಕ್ಷೆ ಬರೆದು ಕಾರ್ಡ್ ತಗೋಬೇಕು. ಆದರೆ 1955ರ ಜನವರಿ 1ಕ್ಕಿಂತ ಮೊದಲು ಹುಟ್ಟಿದವರಿಗೆ ವಿನಾಯಿತಿ. ನಾನು ಕೂತು ಓದಿ ಪಾಸಾದೆ. ಈಜು ಬಾರದ ಅಪ್ಪನಿಗೆ ಕಾರ್ಡೇ ಬೇಡವಂತೆ!

ಸೌಂಡ್‌ಗೆ ಹೋದರೆ ಲೆಕ್ಕ ಬದಲಾಗುತ್ತದೆ. ಅಲ್ಲಿ ನೀರು ವರ್ಷದ ಬಹುಭಾಗ 10 ಡಿಗ್ರಿಯ ಆಸುಪಾಸು. ಬಿದ್ದರೆ ಮೊದಲ ನಿಮಿಷದಲ್ಲೇ ಉಸಿರು ಕಟ್ಟುವಷ್ಟು ಚಳಿ. ದಕ್ಷಿಣದಿಂದ ಗಾಳಿ ಬೀಸುತ್ತಿರುವಾಗ ಎದುರಿನಿಂದ ಉಬ್ಬರದ ಸೆಳೆತ ಬಂದರೆ ಅಲೆಗಳು ಗಿಡ್ಡಗೆ, ಕಡಿದಾಗಿ, ಒಂದರ ಹಿಂದೆ ಒಂದು ಏಳುತ್ತವೆ. ಮಧ್ಯೆ ದೊಡ್ಡ ಫೆರ್ರಿಗಳು ಬಿಟ್ಟುಹೋದ ಅಲೆ ಬೇರೆ. ಬೋರೈಡರಿನ ಮೂತಿ ತೆರೆದಿರುತ್ತದೆ. ಅಲೆಯೊಳಗೆ ಅದು ಮುಳುಗಿದರೆ ನೀರು ನೇರ ಒಳಗೆ. ನಿಧಾನಿಸಿ, ಜನರನ್ನು ಹಿಂದಕ್ಕೆ ಕೂರಿಸಿ, ಅಲೆಯನ್ನು ಓರೆಯಾಗಿ ಹತ್ತಿಸಿಕೊಂಡು ಬರಬಹುದು, ಆದರೆ ಆಮೇಲೆ ಅದನ್ನು ವಿಹಾರ ಅನ್ನಲಾಗದು. ಕ್ರೂಸರಿನ ಮೂತಿ ಮುಚ್ಚಿರುತ್ತದೆ, ಎತ್ತರದ ಗಾಜು ಇರುತ್ತದೆ, ಮೇಲೆ ಕ್ಯಾನ್ವಾಸ್ ಕಟ್ಟಬಹುದು. ಅದೇ ಅಲೆಯಲ್ಲಿ ಅಮ್ಮ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಂಡು ಕುಡಿದರು. ಜಾಸ್ತಿ ವಿವರ ಬೇಡ ಅಲ್ವಾ?

ಸರೋವರಕ್ಕೂ ಸೌಂಡ್‌ಗೂ ನಡುವೆ ಬ್ಯಾಲಾರ್ಡ್ ಲಾಕ್ಸ್ ಇವೆ. 1917ರಿಂದ ನಡೆಯುತ್ತಿರುವ ನೀರಿನ ಲಿಫ್ಟು. ಸರೋವರದ ನೀರು ಸಮುದ್ರಕ್ಕಿಂತ ಸುಮಾರು 20 ಅಡಿ ಎತ್ತರದಲ್ಲಿದೆ. ಬೋಟುಗಳನ್ನು ಕಟ್ಟೆಯೊಳಗೆ ಕೂಡಿಹಾಕಿ ನೀರು ಏರಿಸುತ್ತಾರೆ, ಇಳಿಸುತ್ತಾರೆ. ದುಡ್ಡು ಕೊಡಬೇಕಿಲ್ಲ. 50 ಅಡಿಯ ಎರಡು ಹಗ್ಗ ನಮ್ಮಲ್ಲಿರಬೇಕು, ಸಿಬ್ಬಂದಿ ಹೇಳಿದ ಹಾಗೆ ಕೇಳಬೇಕು. ಇಲ್ಲಿ ಸ್ಪೋರ್ಟ್‌ಬೋಟ್ ಹಗುರವಾದ್ದರಿಂದ ಕೈಯಲ್ಲೇ ಹಿಡಿದು ನಿಲ್ಲಿಸಬಹುದು.

ಕಷ್ಟವಿರುವುದು ಕಾಯುವುದರಲ್ಲಿ. ಬೇಸಿಗೆಯ ಭಾನುವಾರ ಸಂಜೆ ಸೌಂಡ್‌ನಿಂದ ವಾಪಸ್ ಬರುವ ಬೋಟುಗಳೆಲ್ಲ ಲಾಕ್ಸ್ ಮುಂದೆ ಸಾಲುಗಟ್ಟುತ್ತವೆ. ಹಡಗು, ಟಗ್‌ಗಳಿಗೆ ಮೊದಲ ಸರದಿ. ನಾವು ಸೆಳೆತದಲ್ಲಿ ಹಿಂದೆ ಮುಂದೆ ಮಾಡುತ್ತ ನಿಲ್ಲಬೇಕು. ಸ್ಪೋರ್ಟ್‌ಬೋಟಿನಲ್ಲಿ ಹಾಗೆ ನಿಂತಾಗ ಮಗಳು ಬಾತ್‌ರೂಮು ಅಂದಳು. ಐದು ನಿಮಿಷಕ್ಕೆ ಅಮ್ಮ ಮಾತು ನಿಲ್ಲಿಸಿ ಸುಮ್ನೆ ದಡ ನೋಡತೊಡಗಿದರು. ಅರ್ಥವಾಯಿತು. ಸರದಿ ಬಿಟ್ಟು ತಿರುಗಿಸಿ ಹತ್ತಿರದ ಶಿಲ್‌ಶೋಲ್ ಮರೀನಾ ಎಂಬ ಬೋಟ್ ನಿಲ್ದಾಣದ ಅತಿಥಿ ಡಾಕ್‌ಗೆ ಹೋದೆವು, ಮತ್ತೆ ಬಂದು ಸಾಲಿನ ಕೊನೆಯಲ್ಲಿ ನಿಂತೆವು. ಲಾಕ್ಸ್ ದಾಟಿದ ಮೇಲೂ ವಾಷಿಂಗ್ಟನ್ ಸರೋವರದವರೆಗಿನ ಕಾಲುವೆಯಲ್ಲಿ, ಮಧ್ಯೆ ಸಿಗುವ ಲೇಕ್ ಯೂನಿಯನ್ ಸರೋವರದಲ್ಲಿ 7 ನಾಟ್ (ಗಂಟೆಗೆ ಸುಮಾರು 13 ಕಿ.ಮೀ.) ಮಿತಿ. ಸ್ಪೋರ್ಟ್‌ಬೋಟಿನ ವೇಗ ಅಲ್ಲಿ ಯಾವ ಉಪಯೋಗಕ್ಕೂ ಬರುವುದಿಲ್ಲ. ಕ್ರೂಸರಿನಲ್ಲಿ ಅದೇ ಸಾಲಿನಲ್ಲಿ ನಿಂತಾಗ ಒಬ್ಬರು ಪುಳಿಯೋಗರೆ ಬಡಿಸುತ್ತಿದ್ದರು, ಇನ್ನೊಬ್ಬರು ಕೆಳಗೆ ನಿದ್ದೆ. ಬಾಗಿಲು ಹಾಕಿಕೊಳ್ಳುವ ಒಂದು ಜಾಗ ಇದ್ದರೆ ವಯಸ್ಸಾದವರ ಜೊತೆಗಿನ ದಿನವೇ ಬೇರೆ. ಒಂದು ಮಾತು: 2018ರಿಂದ ಪ್ಯೂಜೆಟ್ ಸೌಂಡ್‌ಗೂ ಈ ಸರೋವರಗಳಿಗೂ ಬೋಟಿನ ಕೊಳಚೆ ಬಿಡುವಂತಿಲ್ಲ, ಸಂಸ್ಕರಿಸಿದ್ದನ್ನೂ ಬಿಡುವಂತಿಲ್ಲ. ಟ್ಯಾಂಕ್ ತುಂಬಿದರೆ ಅದನ್ನು ಹೀರಿ ಖಾಲಿ ಮಾಡುವ ಪಂಪ್‌ಔಟ್ ಹತ್ತಿರ ಹೋಗಿ ಪೈಪ್ ಹಿಡಿಯುವವರು ನೀವೇ.

ಇನ್ನು ಆ ಪ್ರಸಿದ್ಧ ಹಾಸಿಗೆ. ಬ್ಲೇಕ್ ದ್ವೀಪಕ್ಕೆ ಹೋಗಿ, ನೀರಲ್ಲಿ ತೇಲುವ ಬುಂಡೆ, ಅಂದರೆ ಬೋಯ್‌ಗೆ ಕಟ್ಟಿ ಮಲಗಿದೆವು. ಬೋಟಿಲ್ಲದೆ ಹೋಗಲಾಗದ ಸ್ಟೇಟ್ ಪಾರ್ಕ್ ಅದು. ಕಾಡು, ಜಿಂಕೆ, ದೂರದಲ್ಲಿ ಸಿಯಾಟಲ್ ದೀಪಗಳು, ಎಲ್ಲ ಚೆನ್ನ. ಕ್ಯಾಬಿನ್‌ನೊಳಗೆ ಮಾತ್ರ ನಾಲ್ವರ ಉಸಿರಿಗೆ ಬೆಳಗಿನ ಹೊತ್ತಿಗೆ ಛಾವಣಿಯಿಂದ ನೀರು ತೊಟ್ಟಿಕ್ಕುತ್ತದೆ. ಹಿಂದಿನ ಹಾಸಿಗೆ ಓಡಿಸುವವರು ಕೂರುವ ಕಾಕ್‌ಪಿಟ್ ಕೆಳಗಿನ ಗೂಡು, ಅಲ್ಲಿ ಎದ್ದು ಕೂತರೆ ತಲೆ ಬಡಿಯುತ್ತದೆ. ಇದಕ್ಕೆ ಕಾರಣವೂ ಇದೆ. ವಿಶೇಷ ಪರವಾನಗಿ ಇಲ್ಲದೆ ರಸ್ತೆಯಲ್ಲಿ ಎಳೆಯಲು ಅಗಲ 8 ಅಡಿ 6 ಅಂಗುಲ ಮೀರಬಾರದು. ಆ ಅಳತೆಯೊಳಗೆ ಅಡುಗೆಮನೆ, ಟಾಯ್ಲೆಟ್, ಎರಡು ಹಾಸಿಗೆ ತುರುಕಬೇಕಾದರೆ ಬೋಟನ್ನು ಎತ್ತರಕ್ಕೇ ಬೆಳೆಸಬೇಕು. ಎತ್ತರವಾದರೆ ರಾತ್ರಿ ಒಂದೊಂದು ಅಲೆಗೂ ಓಲಾಡುತ್ತದೆ. ನಮ್ಮನೆಯವರಿಗೆ ಮಾತ್ರ ಆ ರಾತ್ರಿ ತುಂಬಾ ಹಿಡಿಸಿತು. ಇದರಲ್ಲಿ ನಮ್ಮಿಬ್ಬರಿಗೂ ಇನ್ನೂ ಒಮ್ಮತ ಇಲ್ಲ.

ಆ ಎತ್ತರದ ಇನ್ನೊಂದು ಬೆಲೆ ಡಾಕ್‌ಗೆ ಕಟ್ಟುವಾಗ ಗೊತ್ತಾಗುತ್ತದೆ. ಕ್ರೂಸರ್ ತೆರೆದ ಕೊಡೆಯ ಹಾಗೆ ಗಾಳಿ ಹಿಡಿಯುತ್ತದೆ. ಒಂದೇ ಎಂಜಿನ್ ಇದ್ದು, ಮೂತಿಯನ್ನು ಪಕ್ಕಕ್ಕೆ ತಳ್ಳುವ ಬೋ ಥ್ರಸ್ಟರ್ ಇಲ್ಲದಿದ್ದರೆ ಪಕ್ಕದ ಬೋಟಿನವರು ಕೂಗುವುದು ಕೇಳಬೇಕಾಗುತ್ತದೆ. ಹೊಸಬರು ಕ್ರೂಸರ್ ನೋಡುವುದಾದರೆ ಥ್ರಸ್ಟರ್ ಇರುವುದನ್ನೇ ನೋಡಿ. ಫ್ರಿಜ್, ಟಿವಿ ಬಿಡಿ.

ಸುರಕ್ಷತೆ ಬಗ್ಗೆ ಒಂದೆರಡು ಮಾತು. ಎಂಜಿನ್ ಒಳಗಿರುವ ಪೆಟ್ರೋಲ್ ಬೋಟು ಯಾವುದೇ ಇರಲಿ, ಸ್ಟಾರ್ಟ್ ಮಾಡುವ ಮೊದಲು ನಾಲ್ಕು ನಿಮಿಷ ಬ್ಲೋವರ್ ಫ್ಯಾನ್ ಓಡಿಸಿ, ಕೂಡಿಕೊಂಡ ಪೆಟ್ರೋಲ್ ಆವಿ ಹೊರಹೋಗಲಿ. ಕ್ರೂಸರಿನಲ್ಲಿ ಕ್ಯಾನ್ವಾಸ್ ಪೂರ್ತಿ ಮುಚ್ಚಿ ಓಡಿಸಿದರೆ ಹೊಗೆಯ ಕಾರ್ಬನ್ ಮೊನಾಕ್ಸೈಡ್ ಹಿಂದಿನಿಂದ ಒಳಗೆ ಸುಳಿಯುತ್ತದೆ, ಮುಂದೆ ಒಂದು ಕಿಟಕಿ ತೆರೆದಿರಬೇಕು. ಇನ್ನು 2025ರಿಂದ ಇಲ್ಲಿನ ಸದರ್ನ್ ರೆಸಿಡೆಂಟ್ ಎಂಬ ಗುಂಪಿನ ಓರ್ಕಾ ತಿಮಿಂಗಿಲಗಳಿಂದ 1000 ಗಜ ದೂರ ಇರಬೇಕು.

ದುಡ್ಡಿನ ವಿಷಯಕ್ಕೆ ಬಂದರೆ, ಕೊಳ್ಳುವ ಬೆಲೆಗಿಂತ ನಿಲ್ಲಿಸುವ ಜಾಗವೇ ದೊಡ್ಡ ಲೆಕ್ಕ. 20 ಅಡಿಯದನ್ನು ಟ್ರೇಲರ್ ಸಮೇತ ಮಧ್ಯಮ ಗಾತ್ರದ ಎಸ್‌ಯುವಿ ಎಳೆಯುತ್ತದೆ. ಮ್ಯಾಗ್ನುಸನ್ ಪಾರ್ಕಿನ ರ‍್ಯಾಂಪ್‌ನಲ್ಲಿ ಇಳಿಸಿ, ಸಂಜೆ ಎಳೆದುಕೊಂಡು ಬರಬಹುದು. ಕ್ರೂಸರಿಗೆ ದೊಡ್ಡ ಪಿಕಪ್ ಟ್ರಕ್ಕೇ ಬೇಕು. ಹಾಗಾಗಿ ಅದು ಮರೀನಾದಲ್ಲೇ ಇರುತ್ತದೆ, ಬಾಡಿಗೆ ಅಡಿಯ ಲೆಕ್ಕ, ಜನವರಿಯ ಮಳೆಯಲ್ಲೂ ಕಟ್ಟಬೇಕು. ರಾಜ್ಯಕ್ಕೆ ಪ್ರತಿವರ್ಷ ಬೋಟಿನ ಬೆಲೆಯ ಅರ್ಧ ಶೇಕಡಾ ತೆರಿಗೆ ಬೇರೆ.

ನನ್ನ ತೀರ್ಮಾನ ಸ್ಪೋರ್ಟ್‌ಬೋಟಿನ ಕಡೆ. ನಾವು ನೀರಿಗಿಳಿಯುವುದು ಹೆಚ್ಚಾಗಿ ಸರೋವರದಲ್ಲಿ, ಹೆಚ್ಚಾಗಿ ಅರ್ಧ ದಿನ. ಆದರೆ 20 ಅಡಿಯದಲ್ಲ, 23 ಅಡಿಯ ಆಸುಪಾಸು. ಆ ಗಾತ್ರದ ಕೆಲವು ಬೋರೈಡರುಗಳಲ್ಲಿ ಎಡಗಡೆಯ ಕನ್ಸೋಲ್ ಎಂಬ ಪೆಟ್ಟಿಗೆಯೊಳಗೆ ಬಾಗಿಲಿರುವ ಪುಟ್ಟ ಟಾಯ್ಲೆಟ್ ಸಿಗುತ್ತದೆ. ಬಗ್ಗಿಕೊಂಡೇ ಹೋಗಬೇಕು, ಇರಲಿ. ಉತ್ತರದ ಸ್ಯಾನ್ ವಾನ್ ದ್ವೀಪಗಳಿಗೆ ಹೋಗುವ ಆಸೆಯಾದರೆ ಅಲ್ಲೇ ಹತ್ತಿರದ ಅನಾಕೋರ್ಟೆಸ್‌ನಲ್ಲಿ ಕ್ರೂಸರ್ ಬಾಡಿಗೆಗೆ ಸಿಗುತ್ತದೆ, ಆ ಕೊಡೆಯಂಥ ಬೋಟನ್ನು ವರ್ಷಪೂರ್ತಿ ಸಾಕಬೇಕಿಲ್ಲ. ನಮ್ಮನೆಯವರು ಈ ಒಪ್ಪಂದಕ್ಕೆ ಸದ್ಯಕ್ಕೆ ಸರಿ ಅಂದಿದ್ದಾರೆ. ಈಗಿರುವ ತೊಡಕು ಬೇರೆ: ನಮ್ಮ ಬಡಾವಣೆಯ ನಿಯಮದ ಪ್ರಕಾರ ಮನೆ ಮುಂದೆ ಬೋಟ್ ನಿಲ್ಲಿಸುವಂತಿಲ್ಲ. ಅದಕ್ಕೆ ಮೊದಲು ಟ್ರೇಲರ್ ನಿಲ್ಲಿಸಲು ಜಾಗ ಹುಡುಕುತ್ತಿದ್ದೇನೆ, ಬೋಟ್ ಆಮೇಲೆ.