ಬೇಲೂರಿನ ಬಳಪದ ಕಲ್ಲಿನ ಪದಕ: ಕೆತ್ತನೆ ಮೆಚ್ಚುವಂಥದ್ದು, ಆದರೆ ಬಣ್ಣವಲ್ಲ

ಬೇಲೂರಿನ ಚೆನ್ನಕೇಶವ ದೇವಾಲಯದ ಸುತ್ತಲಿನ ಅಂಗಡಿಯೊಂದರಲ್ಲಿ ಬೆಳ್ಳಿಯ ಕೊಂಡಿ ಹಾಕಿದ ಬಳಪದ ಕಲ್ಲಿನ ಪದಕವೊಂದನ್ನು 850 ರೂಪಾಯಿ ಕೊಟ್ಟು ಕೊಂಡೆ. ಹೆಬ್ಬೆರಳಿನ ಅಗಲದ ಕಲ್ಲಿನಲ್ಲಿ ಎಂಟು ದಳಗಳ ಕಮಲವಿದೆ. ದಳಗಳ ಸಂದಿನಲ್ಲಿಯೂ ಉಳಿಯ ಗೀರು ಉಳಿದಿಲ್ಲ, ಹಿಂಬದಿಯನ್ನು ಸಹ ಉಜ್ಜಿ ನಯಗೊಳಿಸಿರುವುದರಿಂದ ಕೊರಳಿಗೆ ಒತ್ತುವುದಿಲ್ಲ. 1117ರ ಆ ದೇವಾಲಯದ ಮದನಿಕೆಯರ ಕೊರಳ ಹಾರಗಳನ್ನು ನೋಡಿ ಹೊರಬಂದವರಿಗೆ ಇದು ಚಿಕ್ಕ ಕೆಲಸವೆನಿಸಬಹುದು, ಆದರೆ ಬೆಲೆಗೆ ತಕ್ಕ ಕೆಲಸವೇ. (ದೇವಾಲಯದ ಕಲ್ಲನ್ನೂ ಜನರು ಬಳಪದ ಕಲ್ಲೆಂದೇ ಕರೆಯುತ್ತಾರೆ, ಭೂವಿಜ್ಞಾನಿಗಳು ಅದನ್ನು ಕ್ಲೋರೈಟ್ ಶಿಸ್ಟ್, ಅಂದರೆ ಕ್ಲೋರೈಟ್ ಎಂಬ ಖನಿಜವಿರುವ ಪದರುಗಲ್ಲು ಎನ್ನುತ್ತಾರೆ.)

ತಕರಾರು ಇರುವುದು ಬಣ್ಣದ ವಿಷಯದಲ್ಲಿ. ಕಪ್ಪು ಸಹಜವಾದದ್ದೆಂದು ಹೇಳಿ ಮಾರಿದ್ದರು. ಬೆವರು ತಾಗಿದ ಕೂಡಲೇ ಅದು ಬಿಳಿ ರವಿಕೆಯ ಅಂಚಿಗೆ ಇಳಿಯಿತು. ಒದ್ದೆ ಬಟ್ಟೆಯಿಂದ ಹಿಂಬದಿಯನ್ನು ಉಜ್ಜಿದಾಗ ಒಳಗಿನ ಹಸಿರು ಮಿಶ್ರಿತ ಬೂದು ಬಣ್ಣ ಕಾಣಿಸಿಕೊಂಡಿತು, ಅದೇ ನನಗೆ ಹೆಚ್ಚು ಚೆಂದವೆನಿಸಿತು. "ವಾರಕ್ಕೊಮ್ಮೆ ಕೊಬ್ಬರಿ ಎಣ್ಣೆ ಹಚ್ಚಿ ಮೇಡಂ, ಹೊಳಪು ಬರುತ್ತೆ" ಎಂಬ ಅಂಗಡಿಯವರ ಸಲಹೆಯನ್ನೂ ನಾನು ಒಪ್ಪುವುದಿಲ್ಲ. ಎಣ್ಣೆ ಕಲ್ಲನ್ನು ಕಪ್ಪಾಗಿಸುತ್ತದೆಯೇ ಹೊರತು ರಕ್ಷಿಸುವುದಿಲ್ಲ. ಕೆತ್ತನೆಯ ಸಂದುಗಳಲ್ಲಿ ನಿಂತು ಧೂಳನ್ನು ಹಿಡಿಯುತ್ತದೆ, ಬಟ್ಟೆಗೂ ಅಂಟುತ್ತದೆ.

ಪದಕದ ಕಲ್ಲಿನ ಮುಖ್ಯ ಖನಿಜವಾದ ಟಾಲ್ಕ್, ಗಡಸುತನವನ್ನು 1ರಿಂದ 10ರವರೆಗೆ ಅಳೆಯುವ ಮೋಸ್ (Mohs) ಮಾಪಕದಲ್ಲಿ 1ರ ಗಡಸುತನದ್ದು. ನಮ್ಮ ಉಗುರಿನದು ಸುಮಾರು 2.5, ಮನೆಯ ಧೂಳಿನಲ್ಲಿರುವ ಮರಳಿನ ಕಣಗಳದು 7. ಹೀಗಾಗಿ ಪದಕದ ಮೇಲೆ ಧೂಳು ಕೂತಿರುವಾಗ ಒಣ ಬಟ್ಟೆಯಿಂದ ಒರೆಸುವುದೆಂದರೆ ಮರಳುಕಾಗದದಿಂದ ಉಜ್ಜಿದಂತೆ. ಮೊದಲು ಮೆತ್ತನೆಯ ಕುಂಚದಿಂದ ಧೂಳನ್ನು ಹಾರಿಸಿ, ಅನಂತರ ನೀರಿನಲ್ಲಿ ಅದ್ದಿ ಹಿಂಡಿದ ಹತ್ತಿಬಟ್ಟೆಯಿಂದ ಹಗುರವಾಗಿ ಒತ್ತಿ ತೆಗೆಯಬೇಕು. ನೀರು ಕಲ್ಲಿಗೆ ಕೇಡು ಮಾಡುವುದಿಲ್ಲ, ಆದರೆ ಅಂಟು ಮತ್ತು ಹತ್ತಿದಾರ ನೆನೆದರೆ ಬಾಳುವುದಿಲ್ಲವಾದ್ದರಿಂದ ನೀರಿನಲ್ಲಿ ಮುಳುಗಿಸಿಡಬಾರದು. ಮಲೆನಾಡಿನ ಮಳೆಗಾಲದಲ್ಲಿ ದಾರ ಪೂರ್ತಿ ಒಣಗದೆ ಡಬ್ಬಿಗೆ ಹಾಕಿದರೆ ಬೂಸ್ಟು ಹಿಡಿಯುತ್ತದೆ. ಬೆಳ್ಳಿಯ ಕೊಂಡಿ ಕಪ್ಪಾದಾಗ ಮನೆಯ ರೂಢಿಯಂತೆ ವಿಭೂತಿಯಿಂದ ತಿಕ್ಕುವವರು ಕಲ್ಲಿಗೆ ತಾಗದಂತೆ ನೋಡಿಕೊಳ್ಳಬೇಕು; ಟೂತ್‌ಪೇಸ್ಟ್ ಅಂತೂ ಬೇಡವೇ ಬೇಡ. ಅಕೀಕು, ಸ್ಫಟಿಕದ ಸರಗಳು ಇದಕ್ಕಿಂತ ಬಹಳ ಗಡಸು, ಆದ್ದರಿಂದ ಪದಕಕ್ಕೆ ಪ್ರತ್ಯೇಕ ಬಟ್ಟೆಯ ಚೀಲ ಬೇಕು. ಅಂಗಡಿಯವರು ಕೊಟ್ಟ ಪ್ಲಾಸ್ಟಿಕ್ ಕವರ್ ಆ ಕೆಲಸಕ್ಕೆ ಬಾರದು.

ಕೊಳ್ಳುವವರು ಬಣ್ಣ ಹಾಕದ ಪದಕವನ್ನೇ ಕೇಳಿ. ಅದೇ ಅಂಗಡಿಯಲ್ಲಿ ಅದೂ ಇತ್ತು, ಕೇಳಿದ ಮೇಲೆ ಒಳಗಿನಿಂದ ತಂದು ತೋರಿಸಿದರು. ಅಲ್ಲಿನ ಇದೇ ಕಲ್ಲಿನ ಜುಮುಕಿಗಳಲ್ಲಾದರೋ ಕೊಕ್ಕೆಯನ್ನು ಕಲ್ಲಿಗೆ ರಂಧ್ರ ಕೊರೆದು ಕೂರಿಸದೆ ಬರೀ ಅಂಟಿನಿಂದ ಹಿಡಿಸಿದ್ದಾರೆ, ಅವನ್ನು ಸದ್ಯಕ್ಕೆ ಯಾರಿಗೂ ಶಿಫಾರಸು ಮಾಡಲಾರೆ.