ಉಪ್ಪುಗಾಳಿಯ ಹಿತ್ತಲು: ಚಿಕ್ಕು, ಪೇರಲ, ಇಷಾಡ ಮಾವು

ಕಡಲ ದಂಡೆಯ ಜಾಗಕ್ಕೆ ಯಾವ ಹಣ್ಣಿನ ಗಿಡ ಹಾಕಲಿ ಎಂದು ಕೇಳಿದವರಿಗೆ ನಾನು ತಿರುಗಿ ಕೇಳುವುದು ಒಂದೇ: ನಿಮ್ಮ ಬಾವಿ ಯಾವ ತಿಂಗಳಿಗೆ ಉಪ್ಪಾಗುತ್ತದೆ? ಕುಮಟಾ, ಅಂಕೋಲಾ ಕಡೆ ಉಪ್ಪು ವರ್ಷವಿಡೀ ಕಾಡುವುದಿಲ್ಲ. 3000 ಮಿಲಿಮೀಟರು ದಾಟಿ ಸುರಿಯುವ ಮಳೆ ಹೊಯಿಗೆ (ಮರಳು) ನೆಲದ ಉಪ್ಪನ್ನೆಲ್ಲ ತೊಳೆದು ಕೆಳಗಿಳಿಸುತ್ತದೆ. ದೀಪಾವಳಿಗೆ ಬಾವಿ ನೀರು ಸಿಹಿಯೇ. ಶಿವರಾತ್ರಿ ಕಳೆದು ಒರತೆ ಇಳಿಯಿತೋ, ಬಾಯಿಗಿಟ್ಟರೆ ಗೊತ್ತಾಗುತ್ತದೆ. ಮಧ್ಯಾಹ್ನದ ಪಡುಗಾಳಿ ಜೋರಾಗುವುದೂ ಆಗಲೇ. ಹಾಗಾಗಿ ಬೇರಿಗೂ ಎಲೆಗೂ ಉಪ್ಪು ತಾಗುವುದು ಒಟ್ಟಿಗೆ. ಶಿವರಾತ್ರಿಯಿಂದ ಮಳೆ ಬೀಳುವವರೆಗಿನ ಈ ನಾಲ್ಕು ತಿಂಗಳಲ್ಲಿ ಯಾವ ಮರದ ಮೇಲೆ ಏನಿರುತ್ತದೆ ಎಂಬುದರ ಮೇಲೇ ನನ್ನ ಹೋಲಿಕೆ ನಿಂತಿದೆ.

(ಗಜನಿ ಭೂಮಿಯ ಮಾತು ಬೇರೆ. ಉಬ್ಬರದ ನೀರು ನಿಲ್ಲುವಲ್ಲಿ ಈ ಮೂರೂ ಬದುಕುವುದಿಲ್ಲ.)

ಮೊದಲು ಮಾವು, ಎಲ್ಲರಿಗೂ ಅದರದೇ ಆಸೆ. ಅಂಕೋಲೆಯ ಕರಿ ಇಷಾಡಕ್ಕೆ 2023ರಲ್ಲಿ ಭೌಗೋಳಿಕ ಸೂಚಕವೂ ಸಿಕ್ಕಿದ ಮೇಲೆ ಕೇಳುವುದೇ ಬೇಡ. ತೆಳು ಸಿಪ್ಪೆ, ಒಳಗೆಲ್ಲ ತಿರುಳು; ರುಚಿಯಲ್ಲಿ ಉಳಿದೆರಡೂ ಅದರ ಹತ್ತಿರ ಬರುವುದಿಲ್ಲ. ಆದರೆ ಅದರ ಲೆಕ್ಕಾಚಾರವೇ ದಂಡೆಗೆ ವಿರುದ್ಧ: ಚಳಿಗೆ ಹೂ, ಫೆಬ್ರುವರಿಗೆ ಮಿಡಿ, ಮೇ ತಿಂಗಳಿಗೆ ಹಣ್ಣು. ಉಪ್ಪಿನ ತಿಂಗಳೆಲ್ಲ ಮರ ಕಾಯಿ ಹೊತ್ತೇ ಕಳೆಯಬೇಕು. ಪಡುವಣ ಮಗ್ಗುಲ ಎಲೆ ನೋಡಿದರೆ ಸಾಕು: ತುದಿ ಕಂದಾಗಿ, ಆ ಸುಟ್ಟ ಬಣ್ಣ ಅಂಚು ಹಿಡಿದು ತೊಟ್ಟಿನತ್ತ ಇಳಿಯುತ್ತದೆ, ನಡುವೆ ಮಾತ್ರ ಹಸಿರು. ಎಲೆ ನೆಕ್ಕಿದರೆ ಉಪ್ಪು. ಅದೇ ಮರದ ಮೂಡಣ ಮಗ್ಗುಲ ಎಲೆ ಚೆನ್ನಾಗಿರುತ್ತದೆ. ಮರ ಸಾಯುವುದಿಲ್ಲ, ಮಿಡಿ ಮಾತ್ರ ಉದುರುತ್ತಲೇ ಇರುತ್ತದೆ.

ಪೇರಲಕ್ಕೆ ಮಾವಿಗಿಂತ ಉಪ್ಪು ತಡೆಯುವ ಶಕ್ತಿ ಸ್ವಲ್ಪ ಹೆಚ್ಚು, ಆದರೆ ಅದು ಗೆಲ್ಲುವುದು ಬೇರೆ ಕಾರಣಕ್ಕೆ. ಮಳೆಗಾಲದ ಕಾಯಿ ಹೇಗೂ ಸಪ್ಪೆ, ತುಂಬ ಹುಳ. ಒಳ್ಳೆಯ ಹಣ್ಣು ಸಿಗುವುದು ಚಳಿಗಾಲದಲ್ಲಿ, ಅಂದರೆ ಬಾವಿ ಇನ್ನೂ ಸಿಹಿಯಿರುವಾಗ. ಬೇಸಿಗೆಗೆ ಎಲೆ ಕೆಂಪಾಗಿ ಉದುರಿದರೆ ಉದುರಲಿ, ಕೊಯ್ಲು ಮುಗಿದಿರುತ್ತದೆ. ಮಳೆ ಬಿದ್ದೊಡನೆ ಮತ್ತೆ ಚಿಗುರುತ್ತದೆ. ನನ್ನಲ್ಲಿರುವುದು ಸರ್ದಾರ್, ನರ್ಸರಿಯವರು ಎಲ್-49 ಎನ್ನುವ ತಳಿ. ಎತ್ತರ ಬಿಡದೆ ಸವರಿಕೊಂಡರೆ ಗಾಳಿಗೂ ಅಷ್ಟು ಸಿಗುವುದಿಲ್ಲ.

ಚಿಕ್ಕು ಈ ಯಾವ ಲೆಕ್ಕಕ್ಕೂ ತಲೆ ಕೆಡಿಸಿಕೊಳ್ಳುವುದಿಲ್ಲ. ದಪ್ಪನೆಯ ಮಿರುಗುವ ಎಲೆ, ಟೊಂಗೆಯ ತುದಿಯಲ್ಲಿ ಒತ್ತಾಗಿ ಗುಂಪುಗಟ್ಟಿರುತ್ತದೆ. ಉಪ್ಪುಗಾಳಿ ಬಡಿದರೂ ಅಂಚು ಸುಡುವುದು ಅಪರೂಪ. ಮಹಾರಾಷ್ಟ್ರದ ಡಹಾಣು, ಘೋಲ್ವಡ್ ದಂಡೆಯಲ್ಲಿ ತೋಟಗಟ್ಟಲೆ ಬೆಳೆಯುವುದು ಸುಮ್ಮನೆ ಅಲ್ಲ. ತಳಿಯಲ್ಲಿ ನನ್ನ ಓಟು ಕಾಳಿಪತ್ತಿಗೆ. ಕ್ರಿಕೆಟ್ ಬಾಲ್ ಹೆಸರಿಗೆ ತಕ್ಕಂತೆ ದೊಡ್ಡದು, ಗುಂಡಗೆ, ತೂಕಕ್ಕೆ ಚೆಂದ, ಸಿಹಿ ಸಾಲದು. ಚಿಕ್ಕುವಿನ ದೋಷ ಎರಡು: ಬೆಳವಣಿಗೆ ನಿಧಾನ, ಹಣ್ಣಾಗುವ ಹೊತ್ತಿಗೆ ಬಾವಲಿ. ಬಲಿತ ಕಾಯಿ ಕಿತ್ತು ಒಳಗೆ ಹಣ್ಣು ಮಾಡಿದರೆ ಎರಡನೆಯದರ ತಂಟೆ ಮುಗಿಯಿತು.

ಹಾಗಾಗಿ ಕಡಲಿಗೆ ಎದುರಾಗಿ ಚಿಕ್ಕು, ಅದರ ಹಿಂದೆ ಪೇರಲ, ಮನೆಯ ಮರೆಯಲ್ಲಿ ಮಾವು. ಒಂದೇ ಗಿಡಕ್ಕೆ ಜಾಗ ಇದ್ದರೆ ಚಿಕ್ಕು. ಗಾಳಿತಡೆಗೆ ಗಾಳಿಮರ ಬೇಗ ಏಳುತ್ತದೆ; ತಾಳ್ಮೆ ಇದ್ದರೆ ಸುರಹೊನ್ನೆ ಒಳ್ಳೆಯದು, ಅದರ ಸೊಪ್ಪು ದಟ್ಟ.

ಉಪ್ಪಿನ ತಿಂಗಳಲ್ಲಿ ದಿನಾ ಚೂರುಚೂರು ನೀರು ಕೊಟ್ಟರೆ ಉಪ್ಪು ಬೇರಿನ ಸುತ್ತಲೇ ಕೂರುತ್ತದೆ. ಬಿಟ್ಟುಬಿಟ್ಟು, ಕೊಟ್ಟಾಗ ಪಾತಿ ತುಂಬ ಕೊಡಿ. ಎಲೆಗೆ ಎರಚಬೇಡಿ, ಬುಡಕ್ಕೆ ಸೋಗೆ, ತರಗೆಲೆ ಹೊದಿಸಿ. ನೀರಿನ ಇಸಿ (ಉಪ್ಪಿನಂಶ ತೋರಿಸುವ ವಿದ್ಯುತ್ ವಾಹಕತೆಯ ಅಳತೆ, dS/m ಲೆಕ್ಕದಲ್ಲಿ) 3 ದಾಟಿತೆಂದರೆ ಮಾವಿಗೆ ಆ ನೀರು ಬೇಡವೇ ಬೇಡ. ಕೆಂಪು ಪೊಟ್ಯಾಷ್ ಗೊಬ್ಬರ ಕೂಡ ಬೇಡ, ಅದು ಕ್ಲೋರೈಡ್; ಎಲೆ ಸುಡುವ ಕಡಲ ಉಪ್ಪಿನಲ್ಲಿರುವುದೂ ಅದೇ. ಸಲ್ಫೇಟ್ ರೂಪದ್ದು ಸಿಗುತ್ತದೆ, ಬೆಲೆ ಜಾಸ್ತಿ. ಅಂಗಡಿಯವರು ಜಿಪ್ಸಂ ಹಾಕಿ ಎಂದರೆ ಕೇಳಬೇಡಿ, ಹೊಯಿಗೆಗೆ ಅದು ದಂಡ. ಪಕ್ಕದ ತೆಂಗು ನೋಡಿ ನೆಲ ಅಳೆಯುವುದೂ ಬೇಡ, ತೆಂಗು ಉಪ್ಪು ತಾಳುತ್ತದೆ: ಜಂಬಿಟ್ಟಿಗೆ ನೆಲದಲ್ಲಿ ತೆಂಗಿನ ಗುಂಡಿಗೆ ಉಪ್ಪನ್ನೇ ಸುರಿಯುವವರಿದ್ದಾರೆ.

ಮಾವು ಬೇಕೇ ಬೇಕು ಎನ್ನುವವರು ಕಸಿಯ ಬೇರುಗಿಡ (ಕುಡಿ ಕಟ್ಟುವ ಬುಡದ ಗಿಡ) ಯಾವುದೆಂದು ಕೇಳಿಕೊಳ್ಳಿ. ಇಸ್ರೇಲಿನವರು ಉಪ್ಪು ನೆಲಕ್ಕೆಂದೇ 13-1 ಎಂಬ ಬೇರುಗಿಡ ಬಳಸುತ್ತಾರೆ. ನಮ್ಮಲ್ಲಿ ಅದರ ಬದಲು ನಾನು ಮಾಡುವುದು ಇಷ್ಟು: ದಂಡೆಯಲ್ಲೇ ಬೆಳೆದ ಕಾಡುಮಾವಿನ ವಾಟೆಯನ್ನು ಗಿಡ ಬೇಕಾದ ಜಾಗದಲ್ಲೇ ಊರಿ, ಸಸಿ ಒಂದು ಬೇಸಿಗೆ ದಾಟಿದ ಮೇಲೆ, ಮಳೆಗಾಲದಲ್ಲಿ ಅದಕ್ಕೆ ಇಷಾಡದ ಕುಡಿ ಕಟ್ಟುವುದು. ಆ ಬೇಸಿಗೆ ದಾಟದ ಸಸಿಗೆ ಕುಡಿ ದಂಡ ಮಾಡುವುದಿಲ್ಲ.